ಅಡಕತ್ತರಿ ಹೊರಬರುವ ಭಾನುವಾರ

ನಾಲ್ಕು ವರ್ಷದ ಹಿಂದಿನವರೆಗೂ ನಮ್ಮನೆ ಸಂಕ್ರಾಂತಿ ಅಂಗಡಿಯ ಪೊಟ್ಟಣದಲ್ಲಿ ಬರುತ್ತಿತ್ತು. ಬೆಂಗಳೂರಿನ ಅಪಾರ್ಟ್‌ಮೆಂಟು, ಗಂಡ ಹೆಂಡತಿ ಇಬ್ಬರಿಗೂ ಕೆಲಸ. ಕಲಸಿಟ್ಟ ಎಳ್ಳು-ಬೆಲ್ಲ ತಂದು ದೇವರ ಮುಂದೆ ಇಟ್ಟರೆ ಹಬ್ಬ ಆಯಿತು. ಒಂದು ವರ್ಷ ಆ ಕೊಬ್ಬರಿ ಕಮಟು ಹಿಡಿದಿತ್ತು. ಅತ್ತೆ ಆಗ ಏನೂ ಅನ್ನಲಿಲ್ಲ. ಮರುವರ್ಷ ಜನವರಿಯ ಮೊದಲ ಭಾನುವಾರ ತಮ್ಮ ಟ್ರಂಕಿನಿಂದ ಅಡಕತ್ತರಿ ತೆಗೆದು ತಂದರು. "ಬನ್ನಿ, ಎಲ್ರೂ ಕೂತ್ಕೊಳಿ."

ಆ ಭಾನುವಾರದಿಂದಲೇ ಈಗ ನಮಗೆ ಹಬ್ಬ ಶುರು. ನಮ್ಮ ಯಜಮಾನರು ಕೊಬ್ಬರಿಯ ಕಂದು ಸಿಪ್ಪೆ ಹೆರೆಯುತ್ತಾರೆ, ನಾನು ಸಣ್ಣಗೆ ಹೆಚ್ಚುತ್ತೇನೆ. ಅಚ್ಚುಬೆಲ್ಲವನ್ನು ಕಡಲೆಬೀಜದಷ್ಟು ಚೂರು ಮಾಡುವ ಹೊಣೆ ಅತ್ತೆಯದೇ. ಮಕ್ಕಳು ಹುರಿದ ಕಡಲೆಬೀಜವನ್ನು ಉಜ್ಜಿ, ಬಾಲ್ಕನಿಯಲ್ಲಿ ಮೊರದಿಂದ ಕೇರಿ ಸಿಪ್ಪೆ ಹಾರಿಸುತ್ತಾರೆ. ಕೊಬ್ಬರಿ, ಬೆಲ್ಲ, ಕಡಲೆಬೀಜ ತಲಾ ಅರ್ಧ ಕೆಜಿ. ಹುರಿಗಡಲೆ, ಬಿಳಿ ಎಳ್ಳು ತಲಾ ಕಾಲು ಕೆಜಿ. ಕೊಬ್ಬರಿಯನ್ನು ಮೂರು ನಾಲ್ಕು ದಿನ, ಬೆಲ್ಲವನ್ನು ಎರಡು ದಿನ ಬಿಸಿಲಲ್ಲಿ ಒಣಗಿಸಬೇಕು. ಮೊದಲ ವರ್ಷ ನಾನು ಅವಸರಪಟ್ಟು ಹುರಿದ ಬೀಜ ಆರುವ ಮೊದಲೇ ಬೆಲ್ಲಕ್ಕೆ ಸುರಿದೆ. ಎಲ್ಲ ಅಂಟಿ ಮುದ್ದೆಯಾಯಿತು. ಈಗ ಬೇರೆ ಬೇರೆ ಡಬ್ಬಿಯಲ್ಲಿಟ್ಟು ಹಬ್ಬದ ಹಿಂದಿನ ರಾತ್ರಿಯಷ್ಟೇ ಬೆರೆಸುತ್ತೇವೆ.

ಕೈ ಆಡುತ್ತಿದ್ದರೆ ಅತ್ತೆಗೆ ಮಾತು ತಾನಾಗೇ ಬರುತ್ತದೆ. ಮಂಡ್ಯ ಕಡೆಯ ಅವರ ಊರಲ್ಲಿ ಎತ್ತಿನ ಮೈ ತೊಳೆದು ಅರಿಶಿನ ಹಚ್ಚುತ್ತಿದ್ದದ್ದು, ಸಂಜೆ ಹುಲ್ಲಿಗೆ ಬೆಂಕಿಯಿಟ್ಟು ಕಿಚ್ಚು ಹಾಯಿಸುತ್ತಿದ್ದದ್ದು, ಒಂದು ಎತ್ತು ಮಾತ್ರ ಯಾವ ವರ್ಷವೂ ಹಾರದೆ ಪಕ್ಕಕ್ಕೆ ಓಡುತ್ತಿದ್ದದ್ದು. ಮದುವೆಯಾಗಿ ಹದಿಮೂರು ವರ್ಷವಾದರೂ ಇದನ್ನೆಲ್ಲ ನಾನು ಕೇಳಿರಲಿಲ್ಲ. ನನಗೆ ಎಳ್ಳಿಗಿಂತ ಈ ಮೂರು ಗಂಟೆಯೇ ಹೆಚ್ಚು.

ಎಳ್ಳು ಬೀರುವುದರಲ್ಲೂ ಒಂದು ಬದಲಾವಣೆ ಆಯಿತು. ನಾನು ಚಿಕ್ಕವಳಿದ್ದಾಗ ಲಂಗ ಉಟ್ಟು ಮನೆಮನೆಗೆ ಹೋಗುತ್ತಿದ್ದವರು ಹುಡುಗಿಯರು ಮಾತ್ರ. ಎರಡನೇ ವರ್ಷ ಮಗಳು ತಟ್ಟೆ ಹಿಡಿದು ಹೊರಟಾಗ ಆರು ವರ್ಷದ ಮಗ ಬಾಗಿಲಲ್ಲಿ ನಿಂತ. "ಬೀಜ ನಾನೂ ಉಜ್ಜಿದೀನಲ್ಲ, ನಾನ್ಯಾಕೆ ಹೋಗ್ಬಾರ್ದು?" ಉತ್ತರ ನನ್ನ ಹತ್ತಿರ ಇರಲಿಲ್ಲ. ಅತ್ತೆ ಒಂದು ಗಳಿಗೆ ನೋಡಿ, ಒಳಗಿಂದ ಇನ್ನೊಂದು ತಟ್ಟೆ ತಂದರು. ಅದರಲ್ಲಿ ಕಬ್ಬಿನ ತುಂಡು, ಬಾಳೆಹಣ್ಣು, ಸಕ್ಕರೆ ಅಚ್ಚು. "ಬಲಗೈಲಿ ಕೊಡಪ್ಪ" ಅಂದರು, ಅಷ್ಟೇ.

ಅವನು ಮೊದಲು ಹೋದದ್ದು ನೆರೆಮನೆಗಲ್ಲ, ಗೇಟಿನ ಹತ್ತಿರ ಕೂರುವ ಸೆಕ್ಯುರಿಟಿಯವರ ಬಳಿಗೆ. ವಿಜಯಪುರದ ಕಡೆಯವರು. "ಎಳ್ಳು ಬೆಲ್ಲ ತಗೊಂಡು ಎಳ್ಳು ಬೆಲ್ಲದಂಗ ಇರೂಣು" ಎಂದು ಅವರು ತಮ್ಮೂರ ಮಾತು ಹೇಳಿದರಂತೆ. ಮಗ ಅದನ್ನೇ ಬಾಯಿಪಾಠ ಮಾಡಿಕೊಂಡು ಆರು ಮಹಡಿಯಲ್ಲೂ ಹೇಳಿ ಬಂದ. ಮರುವರ್ಷ ಅವರು ಊರಿಂದ ಕುಸುರೆಳ್ಳು, ಅಂದರೆ ಸಕ್ಕರೆ ಪಾಕ ಹತ್ತಿಸಿದ ಎಳ್ಳು, ತಂದುಕೊಟ್ಟರು. ಹಬ್ಬದ ದಿನ ಈಗ ನಮ್ಮ ದೇವರ ಮುಂದೆ ಎರಡು ಬಟ್ಟಲು.