ಧರ್ಮಕೇಂದ್ರದಲ್ಲಿ ವಯಸ್ಕರ ವಿಶ್ವಾಸ ಶಿಕ್ಷಣ ಮತ್ತು ಸ್ವಯಂಸೇವೆ: ವರ್ಷವೊಂದರ ಯೋಜನೆ

ಮಂಗಳೂರು ಮತ್ತು ಉಡುಪಿ ಕಥೋಲಿಕ ಧರ್ಮಪ್ರಾಂತ್ಯಗಳ ಧರ್ಮಕೇಂದ್ರಗಳಲ್ಲಿ, ಅಂದರೆ ಸ್ಥಳೀಯ ಚರ್ಚ್‌ಗಳಲ್ಲಿ ಮಕ್ಕಳ ಕ್ರೈಸ್ತ ಶಿಕ್ಷಣಕ್ಕೆ ಭಾನುವಾರದ ತರಗತಿ, ಪಠ್ಯ, ಪರೀಕ್ಷೆ, ಶಿಕ್ಷಕರು ಎಲ್ಲವೂ ಇವೆ. ಆದರೆ ದೃಢೀಕರಣ ಸಂಸ್ಕಾರ ಮುಗಿದ ಮೇಲೆ ಅದೇ ಹುಡುಗ ಅಥವಾ ಹುಡುಗಿ ಮತ್ತೆ ಇಂಥ ತರಗತಿಯಲ್ಲಿ ಕುಳಿತುಕೊಳ್ಳುವುದು ಬಹುಮಟ್ಟಿಗೆ ಮದುವೆಗೆ ಮುಂಚಿನ ಶಿಬಿರದಲ್ಲಿ. ಅದಾದ ಬಳಿಕ ತಮ್ಮ ಮಗುವಿನ ಪ್ರಥಮ ಪರಮಪ್ರಸಾದದ (ಪೂಜೆಯಲ್ಲಿ ಪವಿತ್ರ ರೊಟ್ಟಿಯನ್ನು ಮೊದಲ ಬಾರಿ ಸ್ವೀಕರಿಸುವ) ಸಮಯದ ಪೋಷಕರ ಸಭೆಯಲ್ಲಿ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 776ನೇ ವಿಧಿಯು ಧರ್ಮಗುರುಗಳ ಶಿಕ್ಷಣದ ಹೊಣೆಯನ್ನು ಹೇಳುವಾಗ ವಯಸ್ಕರನ್ನೇ ಮೊದಲು ಹೆಸರಿಸುತ್ತದೆ, ಯುವಜನರನ್ನೂ ಮಕ್ಕಳನ್ನೂ ಅನಂತರ. ಪೋಪ್ ಎರಡನೇ ಜಾನ್ ಪಾಲ್ ಅವರೂ 1979ರಲ್ಲಿ ವಯಸ್ಕರ ಶಿಕ್ಷಣವನ್ನೇ ಧರ್ಮೋಪದೇಶದ ಪ್ರಧಾನ ರೂಪವೆಂದು ಕರೆದರು. ಈ ಕೊರತೆಯನ್ನು ನೀಗಲು ಹೊರಡುವ ಪಾಲನಾ ಮಂಡಳಿಯು (ಧರ್ಮಗುರುಗಳಿಗೆ ಸಲಹೆ ನೀಡುವ ಧರ್ಮಕೇಂದ್ರದ ಮಂಡಳಿ) ಶಿಕ್ಷಣಕ್ಕೊಂದು, ಸ್ವಯಂಸೇವಕರಿಗೊಂದು ಎಂದು ಎರಡು ಯೋಜನೆ ಮಾಡಬಾರದು. ಸೇವೆಗೆ ಬಂದವರಿಗೆ ಆ ಸೇವೆಯ ಮೂಲಕವೇ ಕಲಿಸುವುದು ನಮ್ಮ ಊರುಗಳಲ್ಲಿ ಹೆಚ್ಚು ಕಾಲ ಬಾಳುವ ಕ್ರಮ.

ಮೊದಲ ಕೆಲಸ ವಾಳೆಯಲ್ಲಿ, ಅಂದರೆ ಧರ್ಮಕೇಂದ್ರದ ನೆರೆಹೊರೆಯ ಮನೆಗಳ ಗುಂಪಿನಲ್ಲಿ. ಹೊಸ ಸಮಿತಿ ರಚಿಸಿ ಉದ್ಘಾಟನೆ ಏರ್ಪಡಿಸುವ ಮುಂಚೆ, ವಾಳೆಯ ಮುಖ್ಯಸ್ಥರಾದ ಗುರಿಕಾರರೂ ಇನ್ನೊಬ್ಬರೂ ಸೇರಿ ವಾಳೆಯ ಮನೆಗಳಿಗೆ ಹೋಗಿ ಬರಬೇಕು. ಯಾರಿಗೆ ಯಾವ ಹೊತ್ತು ಬಿಡುವಿದೆ, ಯಾವ ಕೆಲಸ ಗೊತ್ತಿದೆ, ವಿಶ್ವಾಸದ ಕುರಿತು ಯಾವ ಪ್ರಶ್ನೆ ಕಾಡುತ್ತಿದೆ ಎಂಬ ಮೂರು ವಿಷಯಗಳನ್ನು ಕೇಳಿ ಪುಸ್ತಕದಲ್ಲಿ ಬರೆದುಕೊಂಡರೆ ಸಾಕು. ರಾತ್ರಿಪಾಳಿಯ ನರ್ಸ್, ಗಂಡ ಗಲ್ಫ್‌ನಲ್ಲಿದ್ದು ಅತ್ತೆ-ಮಕ್ಕಳನ್ನು ಒಬ್ಬರೇ ನೋಡಿಕೊಳ್ಳುವ ಮಹಿಳೆ, ಮಕ್ಕಳೆಲ್ಲ ವಿದೇಶದಲ್ಲಿದ್ದು ದೊಡ್ಡ ಮನೆಯಲ್ಲಿ ಒಂಟಿಯಾಗಿರುವ ನಿವೃತ್ತ ಶಿಕ್ಷಕ, ಈ ಮೂವರಿಗೂ ಭಾನುವಾರ ಸಂಜೆ ಐದಕ್ಕೆ ಸಭಾಭವನಕ್ಕೆ ಬನ್ನಿ ಎಂಬ ಒಂದೇ ಕರೆ ಹೊಂದುವುದಿಲ್ಲ. ಮೂರನೆಯ ಪ್ರಶ್ನೆಯ ಉತ್ತರಗಳೇ ಮುಂದೆ ಪಾಠದ ವಿಷಯಗಳಾಗುವುದರಿಂದ ಅವನ್ನು ತಿದ್ದದೆ, ಹೇಳಿದವರ ಮಾತಿನಲ್ಲೇ ಬರೆದಿಡಬೇಕು.

ಎರಡನೆಯದು ಕ್ಯಾಲೆಂಡರ್. ನವೆಂಬರ್‌ನಿಂದ ಜನವರಿಯವರೆಗೆ ಚರ್ಚ್‌ಗಳ ವಾರ್ಷಿಕ ಹಬ್ಬಗಳು, ಕ್ರಿಸ್ಮಸ್, ಊರಿಗೆ ಬರುವ ನೆಂಟರು. ಏಪ್ರಿಲ್-ಮೇಯಲ್ಲಿ ರಜೆ ಮತ್ತು ಮದುವೆಗಳು. ಈ ದಿನಗಳಲ್ಲಿ ಪಾಠ ಇಟ್ಟು, ಜನ ಬರಲಿಲ್ಲವೆಂದು ಬೇಸರಪಡುವುದರಲ್ಲಿ ಅರ್ಥವಿಲ್ಲ. ಮಳೆಗಾಲಕ್ಕೆ ಜನ ಹೊರಬರುವುದಿಲ್ಲ ಎಂಬ ಮಾತು ಎಲ್ಲೆಡೆ ಕೇಳುತ್ತದೆ, ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಜುಲೈ-ಆಗಸ್ಟ್‌ನಲ್ಲಿ ಸಮಾರಂಭಗಳ ಒತ್ತಡವಿಲ್ಲ. ಚರ್ಚ್‌ವರೆಗೆ ಬರಲಾಗದಿದ್ದರೂ ನಾಲ್ಕು ಮನೆ ಆಚೆ ಕೊಡೆ ಹಿಡಿದು ಹೋಗಲು ಯಾರಿಗೂ ಕಷ್ಟವಿಲ್ಲ. ಆದ್ದರಿಂದ ಮಳೆಗಾಲದ ಪಾಠ ವಾಳೆಯ ಮನೆಗಳಲ್ಲಿ, ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಪಾಠ ಶುಕ್ರವಾರದ ಶಿಲುಬೆ ಹಾದಿ ಪ್ರಾರ್ಥನೆಯ ಬೆನ್ನಿಗೆ ಚರ್ಚ್‌ನಲ್ಲಿ ಎಂದು ಹಂಚಿಕೊಳ್ಳುವುದು ಅನುಕೂಲ.

ಈ ಎರಡರ ನಡುವೆ ಮೊಂತಿ ಹಬ್ಬದ, ಅಂದರೆ ಯೇಸುವಿನ ತಾಯಿ ಮರಿಯಮ್ಮನ ಜನ್ಮದಿನದ ಹೊಸ ತೆನೆಯ ಹಬ್ಬದ, ನೊವೇನಾ (ಹಬ್ಬಕ್ಕೆ ಮುಂಚಿನ ಪ್ರಾರ್ಥನಾ ದಿನಗಳು) ಇದೆ. ಆಗಸ್ಟ್ 30ರಿಂದ ಸೆಪ್ಟೆಂಬರ್ 7ರವರೆಗಿನ ಒಂಬತ್ತು ದಿನ ಮಕ್ಕಳು ಹೂವಿನ ತಟ್ಟೆ ಹಿಡಿದು ಬರುತ್ತಾರೆ, ಅವರನ್ನು ಕರೆತರುವ ನೆಪದಲ್ಲಿ ಹಿರಿಯರೂ ಬರುತ್ತಾರೆ. ಮಕ್ಕಳು ಬಾಲೆ ಮರಿಯಮ್ಮನಿಗೆ ಹೂ ಅರ್ಪಿಸಿ ಸಾಲಿನಿಂದ ಹೊರಬರುವ ಹೊತ್ತಿಗೆ ತಂದೆ-ತಾಯಂದಿರು ಹೊರಗಿನ ಚಪ್ಪರದಡಿ ಮೊಬೈಲ್ ನೋಡುತ್ತ ನಿಂತಿರುತ್ತಾರೆ. ಆ ಹದಿನೈದು ನಿಮಿಷವನ್ನು ಅಲ್ಲೇ ಬಳಸಿಕೊಳ್ಳಬಹುದು: ಒಂದು ದಿನಕ್ಕೆ ಒಂದು ವಿಷಯ, ಮಾತಾಡುವವರು ಒಬ್ಬ ಶ್ರೀಸಾಮಾನ್ಯರು (ಧರ್ಮಗುರುಗಳಲ್ಲದ ಭಕ್ತರು), ಕೊನೆಗೆ ಒಂದೇ ಪ್ರಶ್ನೆ. ಸೆಪ್ಟೆಂಬರ್ 8ರ ಹಬ್ಬಕ್ಕೆ ತೆನೆ ತರುವುದು, ಕಟ್ಟುವುದು, ಆಶೀರ್ವಾದವಾದ ಮೇಲೆ ಮನೆಗಳಿಗೆ ಹಂಚುವುದು, ಮಕ್ಕಳಿಗೆ ಕಬ್ಬು ಕೊಡುವುದು, ಇವೆಲ್ಲವೂ ಮೊದಲ ಬಾರಿ ಸೇವೆಗೆ ಬರುವವರಿಗೆ ತಕ್ಕ ಕೆಲಸಗಳು. ಹಿಂದಿನ ಸಂಜೆ ತೆನೆಗಳನ್ನು ಕಟ್ಟುತ್ತ ಕುಳಿತವರೊಡನೆ, ಹೊಸ ಬೆಳೆಯನ್ನು ಮರಿಯಮ್ಮನ ಜನ್ಮದಿನದಂದೇ ಆಶೀರ್ವದಿಸುವುದೇಕೆ ಎಂದು ಮಾತು ತೆಗೆದರೆ ಅದೇ ಒಂದು ಪಾಠವಾಗುತ್ತದೆ.

ಪಾಠದ ಹೂರಣಕ್ಕೆ ಹೊಸ ಪಠ್ಯಕ್ರಮ ಬೇಕಿಲ್ಲ. ಭಾನುವಾರದ ವಾಚನಗಳು ಮೂರು ವರ್ಷಗಳ ಚಕ್ರದಲ್ಲಿ ಮತ್ತಾಯ, ಮಾರ್ಕ, ಲೂಕ ಎಂಬ ಕ್ರಮದಲ್ಲಿ ಸಾಗುತ್ತವೆ. ಮುಂದಿನ ಭಾನುವಾರದ ಶುಭಸಂದೇಶವನ್ನು ವಾರದ ನಡುವೆ ಮನೆಯಲ್ಲಿ ಎರಡು ಬಾರಿ ಗಟ್ಟಿಯಾಗಿ ಓದಿ, ಸ್ವಲ್ಪ ಹೊತ್ತು ಮೌನವಿದ್ದು, ಪ್ರತಿಯೊಬ್ಬರೂ ತಮ್ಮನ್ನು ತಟ್ಟಿದ ಮಾತು ಯಾವುದೆಂದು ಹೇಳುವುದು ಅರ್ಧ ಗಂಟೆಯ ಕೆಲಸ. ಉಳಿದ ಅರ್ಧ ಗಂಟೆಯನ್ನು ವಾಳೆಯ ಪುಸ್ತಕದಿಂದ ಆರಿಸಿದ ಒಂದು ಪ್ರಶ್ನೆಗೆ ಇಡಬೇಕು. ಶವಸಂಸ್ಕಾರದಲ್ಲಿ ದಹನ ಸರಿಯೇ ಎಂಬ ಪ್ರಶ್ನೆಗೆ, 1963ರಿಂದ ಧರ್ಮಸಭೆ ಅದಕ್ಕೆ ಅವಕಾಶ ನೀಡಿದೆ, ಆದರೆ ಚಿತಾಭಸ್ಮವನ್ನು ಚೆಲ್ಲದೆ, ಮನೆಯಲ್ಲಿಟ್ಟುಕೊಳ್ಳದೆ ಪವಿತ್ರ ಸ್ಥಳದಲ್ಲಿ ಇಡಬೇಕೆಂದು 2016ರ ಸೂಚನೆ ಹೇಳುತ್ತದೆ ಎಂಬಷ್ಟು ಖಚಿತ ಉತ್ತರ ಸಿಕ್ಕರೆ ಜನ ಮುಂದಿನ ವಾರವೂ ಬರುತ್ತಾರೆ. ಅಂತರ್ಧರ್ಮೀಯ ಮದುವೆ, ಆಸ್ತಿ ಪಾಲಿನಲ್ಲಿ ಮುರಿದುಹೋದ ಅಣ್ಣ-ತಮ್ಮಂದಿರ ಸಂಬಂಧ ಮತ್ತು ಪಾಪನಿವೇದನೆ, ಹಾಸಿಗೆ ಹಿಡಿದ ಹೆತ್ತವರ ಆರೈಕೆ, ಇಂಥವು ಯಾವ ವಾಳೆಯಲ್ಲೂ ಬರುವ ಪ್ರಶ್ನೆಗಳು. ನಡೆಸಿಕೊಡುವವರ ಕೈಯಲ್ಲಿ ಬೈಬಲ್ ಜೊತೆಗೆ 1992ರ ಕಥೋಲಿಕ ಧರ್ಮೋಪದೇಶ ಗ್ರಂಥವೋ 2005ರ ಅದರ ಸಂಕ್ಷಿಪ್ತ ರೂಪವೋ ಇರಬೇಕು. ಗೊತ್ತಿಲ್ಲದ್ದನ್ನು ಊಹಿಸಿ ಹೇಳದೆ ಧರ್ಮಗುರುಗಳನ್ನು ಕೇಳಿ ಮುಂದಿನ ವಾರ ತಿಳಿಸಬೇಕು. ಮನೆಯ ಮಾತು ಕೊಂಕಣಿಯಾಗಿದ್ದರೂ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಯುವಕರಿಗೆ ಕನ್ನಡ ಲಿಪಿಯಲ್ಲಿ ಓದಲು ಸರಾಗವಾಗದಿರಬಹುದು. ಓದುವ ಸರದಿಯನ್ನು ಯಾರ ಮೇಲೂ ಹೇರಬಾರದು.

ಸ್ವಯಂಸೇವಕರನ್ನು ಹುಡುಕಲು ಪೂಜೆಯ ಕೊನೆಯ ಪ್ರಕಟಣೆಯನ್ನು ನೆಚ್ಚಿಕೊಂಡರೆ ಆ ಹಳೆಯ ಹತ್ತು ಮುಖಗಳೇ ಮುಂದೆ ಬರುತ್ತವೆ. ಅವರು ದಣಿದಿದ್ದಾರೆ ಎಂಬುದನ್ನು ನಾವು ಬೇಕೆಂದೇ ಗಮನಿಸುವುದಿಲ್ಲ. ಎದುರಿಗೇ ಹೋಗಿ, ಕೆಲಸವನ್ನೂ ಅವಧಿಯನ್ನೂ ಹೇಳಿ ಕೇಳಬೇಕು: "ಮಾಮಿ, ನೀವು ಸ್ಪಷ್ಟವಾಗಿ ಓದುತ್ತೀರಿ. ತಿಂಗಳ ಎರಡನೇ ಭಾನುವಾರ ಮೊದಲ ಪೂಜೆಗೆ ವಾಚನ ಮಾಡುತ್ತೀರಾ? ಈಸ್ಟರ್‌ವರೆಗೆ ಮಾತ್ರ. ಆಮೇಲೆ ಬೇಡವೆನಿಸಿದರೆ ಹೇಳಿ, ಬೇಸರವಿಲ್ಲ." ಹೀಗೆ ಕೇಳಿದಾಗ ಒಪ್ಪುವವರೂ ಹೆಚ್ಚು, ಒಪ್ಪದವರಿಗೂ ಮುಜುಗರವಿಲ್ಲ. ಪ್ರತಿ ಕೆಲಸಕ್ಕೂ ಹಳಬರೊಬ್ಬರು, ಹೊಸಬರೊಬ್ಬರು ಇರಲಿ. ವಾಚಕರು ವಾಚನದ ಅರ್ಥವನ್ನು ಮೊದಲೇ ಓದಿಕೊಳ್ಳಲಿ. ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆಯವರೊಡನೆ ಬಡ ಮನೆಗಳಿಗೆ ಹೋಗುವವರು ಹಿಂತಿರುಗಿದ ಮೇಲೆ ಕುಳಿತು ಕಂಡದ್ದನ್ನು ಪ್ರಾರ್ಥನೆಯಲ್ಲಿ ತರಲಿ. ರೋಗಿಗಳ ಮನೆಗೆ ಪರಮಪ್ರಸಾದ ಒಯ್ಯುವ ಶ್ರೀಸಾಮಾನ್ಯರಿಗೆ ಧರ್ಮಾಧ್ಯಕ್ಷರ ನಿಯಮದಂತೆ ತರಬೇತಿ ಮತ್ತು ಅನುಮತಿ ಬೇಕು. ಅಲ್ಲಿ ಉತ್ಸಾಹವೊಂದೇ ಸಾಲದು.

ಮಕ್ಕಳೊಂದಿಗೆ ಕೆಲಸ ಮಾಡುವ ಎಲ್ಲರಿಗೂ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ ತಿಳಿವಳಿಕೆ ಕಡ್ಡಾಯವಾಗಿರಲಿ, ಒಬ್ಬ ವಯಸ್ಕರು ಒಂದು ಮಗುವಿನೊಂದಿಗೆ ಏಕಾಂತದಲ್ಲಿರದಂತೆ ಸ್ಥಳ ಗೊತ್ತುಮಾಡಲಿ. ಖರ್ಚು ಎಷ್ಟೇ ಚಿಕ್ಕದಿರಲಿ, ಹಣಕಾಸು ಸಮಿತಿಗೆ ಲೆಕ್ಕ ಹೋಗಬೇಕು. ಧರ್ಮಸಭೆಯ ಕಾನೂನು ಸಂಹಿತೆಯ 537ನೇ ವಿಧಿಯ ಪ್ರಕಾರ ಆ ಸಮಿತಿ ಪ್ರತಿ ಧರ್ಮಕೇಂದ್ರದಲ್ಲೂ ಇರಲೇಬೇಕು. 536ನೇ ವಿಧಿಯ ಪಾಲನಾ ಮಂಡಳಿಗೆ ಇರುವುದು ಸಲಹೆಯ ಅಧಿಕಾರ ಎಂಬುದನ್ನೂ ಮರೆಯಬಾರದು.

ಹಾಗಾಗಿಯೇ ಯೋಜನೆಯನ್ನು ಆರಂಭದಲ್ಲೇ ಧರ್ಮಗುರುಗಳ ಮುಂದಿಟ್ಟು ಅವರ ಒಪ್ಪಿಗೆಯನ್ನು ನಡಾವಳಿಯಲ್ಲಿ ದಾಖಲಿಸಬೇಕು. ಧರ್ಮಗುರುಗಳಿಗೆ ವರ್ಗಾವಣೆಯಾಗುತ್ತದೆ, ಗುರಿಕಾರರ ಅವಧಿಯೂ ಮುಗಿಯುತ್ತದೆ. ಯಾರು ಯಾವ ಕೆಲಸ ವಹಿಸಿಕೊಂಡಿದ್ದಾರೆ, ಯಾರ ಅವಧಿ ಯಾವಾಗ ಮುಗಿಯುತ್ತದೆ, ಯಾವ ಪ್ರಶ್ನೆಗಳಿಗೆ ಇನ್ನೂ ಉತ್ತರ ಕೊಟ್ಟಿಲ್ಲ ಎಂಬುದನ್ನು ಕ್ರಿಸ್ಮಸ್ ಸಿದ್ಧತೆಯ ಆಗಮನ ಕಾಲದ ಮೊದಲ ಭಾನುವಾರಕ್ಕೆ ಮುಂಚೆ ಪ್ರತಿ ವಾಳೆಯ ಪುಸ್ತಕದಲ್ಲಿ ಹೊಸದಾಗಿ ಬರೆದು, ಒಂದು ಪ್ರತಿಯನ್ನು ಮಂಡಳಿಯ ಕಾರ್ಯದರ್ಶಿಯ ಬಳಿಯೂ ಇನ್ನೊಂದನ್ನು ಚರ್ಚ್ ಕಚೇರಿಯಲ್ಲೂ ಇಡಬೇಕು. ಹೊಸ ಗುರಿಕಾರರು ಅಧಿಕಾರ ವಹಿಸಿಕೊಳ್ಳುವ ದಿನ ಮೊದಲು ಅವರ ಕೈಸೇರಬೇಕಾದದ್ದು ಆ ಪುಸ್ತಕ.