ಒಂದು ಫೈಲ್, ಹಲವು ಬಫರ್‌ಗಳು: ನನ್ನ ಅನುಭವ

ಸುಮಾರು 12 ಗಿಗಾಬೈಟ್ ಗಾತ್ರದ ಲಾಗ್ ಫೈಲನ್ನು ಸಾಲುಸಾಲಾಗಿ ಬಿಡಿಸಿ, ಬಗೆಬಗೆಯ ದಾಖಲೆಗಳನ್ನು ಎಣಿಸುವ ಪ್ರೋಗ್ರಾಮೊಂದನ್ನು ಲಿನಕ್ಸ್‌ನಲ್ಲಿ ಸಿ ಭಾಷೆಯಲ್ಲಿ ಬರೆದಿದ್ದೆ. ಅದರ ವೇಗ ಸಾಲದೆಂದು ನಾಲ್ಕು ಥ್ರೆಡ್‌ಗಳನ್ನು (ಒಂದೇ ಪ್ರೋಗ್ರಾಮಿನೊಳಗೆ ಏಕಕಾಲಕ್ಕೆ ಸಾಗುವ ಕೆಲಸದ ಎಳೆಗಳನ್ನು) ಮಾಡಿ, ಪ್ರತಿಯೊಂದಕ್ಕೂ ಸ್ವಂತ ಬಫರ್ (ಓದಿದ್ದನ್ನು ತಾತ್ಕಾಲಿಕವಾಗಿ ಇಡುವ ಮೆಮೊರಿ) ಕೊಟ್ಟು, ಫೈಲಿನ ಕಾಲು ಭಾಗವನ್ನು ವಹಿಸಿದೆ. ಬಫರ್‌ಗಳು ಬೇರೆ ಬೇರೆಯಾಗಿರುವುದರಿಂದ ಒಂದು ಸಲಕ್ಕೆ ಒಂದೇ ಥ್ರೆಡ್ಡಿಗೆ ದಾರಿ ಬಿಡುವ ಲಾಕ್ ಬೇಕಾಗಿಲ್ಲವೆಂದು ನಂಬಿದ್ದೆ. ಆದರೆ ಅದೇ ಫೈಲಿಗೆ ಪ್ರತಿ ಸಲವೂ ಬೇರೆ ಮೊತ್ತ ಬರತೊಡಗಿತು.

ಬಫರ್‌ಗಳು ಪ್ರತ್ಯೇಕವಾಗಿದ್ದರೂ ಫೈಲಿನಲ್ಲಿ ಎಲ್ಲಿಯವರೆಗೆ ಓದಲಾಗಿದೆ ಎಂಬ ಗುರುತು, ಅಂದರೆ ಆಫ್‌ಸೆಟ್, ಒಂದೇ ಆಗಿತ್ತು. ಒಂದು ಥ್ರೆಡ್ ಎಲ್‌ಸೀಕ್ ಮಾಡಿ ತನ್ನ ಜಾಗಕ್ಕೆ ಹೋಗಿ ರೀಡ್ ಕರೆಯುವಷ್ಟರಲ್ಲಿ ಇನ್ನೊಂದು ಥ್ರೆಡ್ ಅದೇ ಗುರುತನ್ನು ಬೇರೆಡೆಗೆ ಸರಿಸಿರುತ್ತಿತ್ತು. ಡಪ್ ಕರೆಯಿಂದ ನಕಲು ಮಾಡಿ ನಾಲ್ಕು ಡಿಸ್ಕ್ರಿಪ್ಟರ್ (ತೆರೆದ ಫೈಲನ್ನು ಸೂಚಿಸುವ ಸಂಖ್ಯೆ) ಇಟ್ಟುಕೊಂಡರೂ ಫಲ ಸಿಗಲಿಲ್ಲ, ಏಕೆಂದರೆ ಡಪ್‌ನಿಂದ ಬಂದವೂ ಅದೇ ಆಫ್‌ಸೆಟ್ಟನ್ನು ಹಂಚಿಕೊಳ್ಳುತ್ತವೆ. ಕೊನೆಗೆ ಪಿರೀಡ್ (pread) ಎಂಬ ಕರೆಯನ್ನು ಬಳಸಿದೆ. ಎಲ್ಲಿಂದ ಓದಬೇಕೆಂಬುದನ್ನು ಅದು ಕರೆಯ ಜೊತೆಯಲ್ಲಿಯೇ ಪಡೆಯುತ್ತದೆ, ಹಂಚಿಕೊಂಡ ಗುರುತನ್ನು ಮುಟ್ಟುವುದಿಲ್ಲ. ಕೇಳಿದಷ್ಟು ಬೈಟ್‌ಗಳು ಒಂದೇ ಸಲಕ್ಕೆ ಸಿಗುತ್ತವೆಂಬ ಭರವಸೆ ಮಾತ್ರ ಇದರಲ್ಲಿಯೂ ಇಲ್ಲ. ಆದ್ದರಿಂದ ಕಡಿಮೆ ಬಂದರೆ ಉಳಿದದ್ದನ್ನು ಮತ್ತೆ ಕೇಳುವ, ಆಪರೇಟಿಂಗ್ ಸಿಸ್ಟಮ್ ಪ್ರೋಗ್ರಾಮಿಗೆ ಕಳುಹಿಸುವ ಸಿಗ್ನಲ್‌ನಿಂದ ಕರೆ ತುಂಡಾದರೆ ಮರುಪ್ರಯತ್ನಿಸುವ, ಸೊನ್ನೆ ಬಂದರೆ ಮಾತ್ರ ಫೈಲ್ ಮುಗಿಯಿತೆಂದು ತಿಳಿಯುವ ಲೂಪ್ ಬರೆಯಲೇಬೇಕು.

ಮೊತ್ತ ಸರಿಹೋಯಿತು, ಆದರೆ ತಿರುಗುವ ಹಾರ್ಡ್ ಡಿಸ್ಕಿನ ಮೇಲೆ ಪ್ರೋಗ್ರಾಮ್ ಮೊದಲಿಗಿಂತ ನಿಧಾನವಾಯಿತು; ನಾಲ್ಕು ಕಡೆಯಿಂದ ಏಕಕಾಲಕ್ಕೆ ಬೇಡಿಕೆ ಬಂದಾಗ ಓದುವ ತಲೆ ಅತ್ತಿಂದಿತ್ತ ಓಡಾಡಬೇಕಾಗುತ್ತದೆ. ಹೀಗಾಗಿ ವಿನ್ಯಾಸವನ್ನೇ ಬದಲಿಸಿದೆ. ಓದುವುದಕ್ಕೆ ಒಂದೇ ಥ್ರೆಡ್, ಬಿಡಿಸುವುದಕ್ಕೆ ಉಳಿದ ಮೂರು. ತಲಾ ಒಂದು ಮೆಗಾಬೈಟಿನ ಎಂಟು ಬಫರ್‌ಗಳು, ಅವು ಸುತ್ತುವುದಕ್ಕೆ ಎರಡು ಕ್ಯೂಗಳು (ಸರದಿ ಸಾಲುಗಳು), ಒಂದು ಖಾಲಿ ಬಫರ್‌ಗಳದ್ದು, ಇನ್ನೊಂದು ತುಂಬಿದವುಗಳದ್ದು. ಯಾವುದೇ ಕ್ಷಣದಲ್ಲಿ ಒಂದು ಬಫರ್ ಒಂದೇ ಥ್ರೆಡ್ಡಿನ ಸ್ವತ್ತಾಗಿರಬೇಕು ಎಂಬುದು ನಾನು ಇಟ್ಟುಕೊಂಡ ನಿಯಮ. ಮ್ಯೂಟೆಕ್ಸ್ ಎಂಬ ಲಾಕ್ ಹಿಡಿಯುವುದು ಬಫರಿನ ಪಾಯಿಂಟರನ್ನು (ಮೆಮೊರಿ ವಿಳಾಸವನ್ನು) ಕ್ಯೂಗೆ ಸೇರಿಸುವಾಗ ಮತ್ತು ತೆಗೆಯುವಾಗ ಮಾತ್ರ; ಡಿಸ್ಕಿನಿಂದ ಓದುವಾಗ ಅದನ್ನು ಹಿಡಿದರೆ ಎಲ್ಲರೂ ಕಾಯುತ್ತ ನಿಲ್ಲುತ್ತಾರೆ. ಬಿಡಿಸುವವರು ಹಿಂದುಳಿದರೆ ಖಾಲಿ ಬಫರ್‌ಗಳ ಕ್ಯೂ ಬರಿದಾಗಿ ಓದುವ ಥ್ರೆಡ್ ತಾನಾಗಿಯೇ ನಿಲ್ಲುತ್ತದೆ, ಬಫರ್‌ಗಳ ಒಟ್ಟು ಮೆಮೊರಿ ಎಂಟು ಮೆಗಾಬೈಟನ್ನು ಮೀರುವುದಿಲ್ಲ. ಈ ಗುಣ ನನಗೆ ವೇಗಕ್ಕಿಂತಲೂ ಹೆಚ್ಚು ಬೆಲೆಯುಳ್ಳದ್ದಾಗಿ ಕಂಡಿತು.

ಕ್ಯೂಗೆ ಬಫರ್ ಬರುವವರೆಗೆ ಥ್ರೆಡ್ಡನ್ನು ಮಲಗಿಸಿಡುವ ಕಂಡೀಷನ್ ವೇರಿಯಬಲ್ ಮೇಲೆ ಕಾಯುವಾಗ ಷರತ್ತನ್ನು ಒಮ್ಮೆ ನೋಡುವ ಇಫ್ ಸಾಲದು, ಮತ್ತೆ ಮತ್ತೆ ನೋಡುವ ವೈಲ್ ಬೇಕು. ಎಚ್ಚರಗೊಂಡ ಥ್ರೆಡ್ ನೋಡುವಷ್ಟರಲ್ಲಿ ಇನ್ನೊಂದು ಥ್ರೆಡ್ ಆ ಬಫರನ್ನು ಒಯ್ದಿರಬಹುದು, ಕಾರಣವಿಲ್ಲದೆಯೂ ಎಚ್ಚರವಾಗಬಹುದು. ಫೈಲ್ ಮುಗಿದಾಗ ನಾನು ಈ ಕಂಡೀಷನ್ ವೇರಿಯಬಲ್‌ಗೆ ಸಿಗ್ನಲ್ (ಮೇಲೆ ಹೇಳಿದ ಸಿಗ್ನಲ್ ಬೇರೆ) ಕಳುಹಿಸುತ್ತಿದ್ದೆ. ಅದು ಕಾಯುತ್ತಿದ್ದವರಲ್ಲಿ ಒಬ್ಬರನ್ನು ಎಬ್ಬಿಸಿ ಉಳಿದವರನ್ನು ಮಲಗಿಸಿಯೇ ಬಿಟ್ಟಿತು, ಪ್ರೋಗ್ರಾಮ್ ಮುಗಿಯಲೇ ಇಲ್ಲ. ಅಲ್ಲಿ ಎಲ್ಲರನ್ನೂ ಎಬ್ಬಿಸುವ ಬ್ರಾಡ್‌ಕಾಸ್ಟ್ ಬೇಕಾಗಿತ್ತು.

ನನ್ನನ್ನು ಅತಿ ಹೆಚ್ಚು ಕಾಡಿದ್ದು ಎರಡು ಬಫರ್‌ಗಳ ನಡುವೆ ತುಂಡಾಗುವ ಸಾಲು. ಬಫರಿನ ಕೊನೆಯ ನ್ಯೂಲೈನ್ (ಸಾಲು ಮುಗಿಸುವ ಗುರುತು) ಹುಡುಕಿ, ಅದರ ನಂತರದ ತುಣುಕನ್ನು ಮುಂದಿನ ಬಫರಿನ ಆರಂಭಕ್ಕೆ ನಕಲಿಸುವುದು ಸುಲಭದ ಉಪಾಯ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತವೂ ಮೂರು ಬೈಟ್ ಹಿಡಿಯುವುದರಿಂದ ಎಲ್ಲೆಂದರಲ್ಲಿ ಕತ್ತರಿಸಿದರೆ ಅಕ್ಷರಗಳೇ ಒಡೆಯುತ್ತವೆ; ನ್ಯೂಲೈನ್ ಬೈಟ್ ಆ ಮೂರರ ನಡುವೆ ಎಂದೂ ಬಾರದ ಕಾರಣ ಅಲ್ಲಿ ಕತ್ತರಿಸುವುದು ಸುರಕ್ಷಿತ. ಆದರೆ ನಾನು ತುಂಬಿದ ಬಫರನ್ನು ಮೊದಲು ಕ್ಯೂಗೆ ಹಾಕಿ, ಆಮೇಲೆ ಅದರಿಂದ ತುಣುಕನ್ನು ನಕಲಿಸುತ್ತಿದ್ದೆ. ಬಿಡಿಸುವ ಥ್ರೆಡ್ ತನ್ನ ಪಾಲಿನ ಕೊನೆಯಲ್ಲಿ ಅಂತ್ಯದ ಗುರುತಾಗಿ ಶೂನ್ಯ ಬೈಟ್ ಬರೆಯುತ್ತಿದ್ದುದರಿಂದ, ಅಪರೂಪಕ್ಕೊಮ್ಮೆ ಆ ತುಣುಕಿನ ಮೊದಲ ಬೈಟ್ ಅಳಿಸಿಹೋಗುತ್ತಿತ್ತು. ನಿಯಮವನ್ನು ಮುರಿದವನು ನಾನೇ ಎಂದು ತಿಳಿಯಲು ಹಲವು ದಿನ ಹಿಡಿಯಿತು. ಈಗ ಮುಂದಿನ ಖಾಲಿ ಬಫರನ್ನು ಮೊದಲು ಪಡೆದು, ತುಣುಕನ್ನು ನಕಲಿಸಿ, ನಂತರವೇ ಹಳೆಯದನ್ನು ಬಿಟ್ಟುಕೊಡುತ್ತೇನೆ. ಇಡೀ ಬಫರಿನಲ್ಲಿ ನ್ಯೂಲೈನ್ ಸಿಗದಿದ್ದರೆ ಸಾಲನ್ನು ಸದ್ದಿಲ್ಲದೆ ಕತ್ತರಿಸದೆ, ದೋಷವನ್ನು ತಿಳಿಸಿ ನಿಲ್ಲಿಸುತ್ತೇನೆ.

ಥ್ರೆಡ್‌ಗಳ ಎಣಿಕೆಗಳನ್ನು ಒಂದೇ ಅರೇಯಲ್ಲಿ (ಪಟ್ಟಿಯಲ್ಲಿ) ಅಕ್ಕಪಕ್ಕ ಇಟ್ಟಾಗ ಅವು ಪ್ರೊಸೆಸರ್ ಒಂದೇ ತುಂಡಾಗಿ ನಿಭಾಯಿಸುವ 64 ಬೈಟಿನ ಒಂದೇ ಕ್ಯಾಶ್ ಲೈನಿನಲ್ಲಿ ಕುಳಿತು ಥ್ರೆಡ್‌ಗಳು ಪರಸ್ಪರ ಅಡ್ಡಿಯಾದವು. ಸ್ಥಳೀಯ ವೇರಿಯಬಲ್‌ಗಳಲ್ಲಿ ಎಣಿಸಿ ಕೊನೆಗೆ ಕೂಡಿಸಿದಾಗ ಆ ತೊಂದರೆ ಹೋಯಿತು.

ಪರೀಕ್ಷೆಗೆ ಚಿಕ್ಕ ಸಾಲುಗಳ ಫೈಲೊಂದನ್ನು ಮಾಡಿಕೊಂಡು, ಬಫರಿನ ಗಾತ್ರವನ್ನು 64 ಬೈಟಿಗೆ, ಸಂಖ್ಯೆಯನ್ನು ಎರಡಕ್ಕೆ ಇಳಿಸಿ, ಒಂದೇ ಥ್ರೆಡ್ಡಿನ ಹಳೆಯ ಪ್ರೋಗ್ರಾಮಿನ ಮೊತ್ತದೊಡನೆ ಹೋಲಿಸುತ್ತೇನೆ. ದೊಡ್ಡ ಬಫರ್‌ಗಳಲ್ಲಿ ದಿನಗಟ್ಟಲೆ ಅಡಗಿದ್ದ ಆ ಶೂನ್ಯ ಬೈಟಿನ ದೋಷ ಹೀಗೆ ಓಡಿಸಿದಾಗ ಕೆಲವೇ ಕ್ಷಣಗಳಲ್ಲಿ ಹೊರಬಿದ್ದಿತ್ತು.