ಜರ್ಮನಿ ಬಿಟ್ಟು ನೆದರ್ಲೆಂಡ್ಸ್‌ಗೆ ಹೊರಟಿರಾ? ಮೊದಲು ಹಳೆ ಮನೆಯ ಲೆಕ್ಕ ಮುಗಿಸಿ

ಐಂಡ್‌ಹೋವನ್‌ನ ಚಿಪ್ ಕಂಪನಿಗಳಲ್ಲಿ ಕೆಲಸ ಸಿಕ್ಕಿ ಮ್ಯೂನಿಕ್‌ನಿಂದ ಹೊರಡುವ ನಮ್ಮ ಕನ್ನಡದ ಕುಟುಂಬಗಳನ್ನು ಹಲವು ವರ್ಷಗಳಿಂದ ನೋಡುತ್ತಿದ್ದೇನೆ. ಎಲ್ಲರ ತಲೆಯಲ್ಲೂ ಹೊಸ ಮನೆ, ಹೊಸ ಸಂಬಳ, ಮಕ್ಕಳ ಶಾಲೆ ಇಷ್ಟೇ. ಎಡವುವುದು ಮಾತ್ರ ಹಳೆ ಮನೆಯ ಹೊಸ್ತಿಲಲ್ಲಿ. ಗಡಿ ದಾಟುವುದು ಸಲೀಸು. ವಿಳಾಸ, ವಿಮೆ, ಬಾಡಿಗೆ ಕರಾರು ಇವೆಲ್ಲ ತಾವಾಗಿಯೇ ಕಳಚಿಕೊಳ್ಳುವುದಿಲ್ಲ. ಒಂದೊಂದನ್ನೂ ನಾವೇ ಬಿಡಿಸಿಕೊಳ್ಳಬೇಕು.

1. ಪರ್ಮಿಟ್

ಜರ್ಮನಿಯಲ್ಲಿ ವಾಸ, ಕೆಲಸಕ್ಕೆ ಕೊಟ್ಟ ಪರ್ಮಿಟ್ ಇದ್ದರೆ ನೆದರ್ಲೆಂಡ್ಸ್‌ನಲ್ಲಿ ಕೆಲಸ ಮಾಡಬಹುದು ಅಂತ ಅಂದುಕೊಳ್ಳಬೇಡಿ. ಅಲ್ಲಿನದು ಬೇರೆಯೇ ಬೇಕು. ಅರ್ಜಿಯನ್ನು ಸಾಮಾನ್ಯವಾಗಿ ಹೊಸ ಕಂಪನಿಯೇ ಹಾಕುತ್ತದೆ. ಅದು ಮಂಜೂರಾಗುವ ತನಕ ಇಲ್ಲಿನ ಮನೆ ಬಿಡಬೇಡಿ.

ಸಂಬಳದ ಮಾತು ಬಂದಾಗ 30 ಪರ್ಸೆಂಟ್ ರೂಲಿಂಗ್ ಎಂಬ ತೆರಿಗೆ ರಿಯಾಯಿತಿಯ ಆಸೆ ತೋರಿಸುತ್ತಾರೆ. ಅದು ಸಿಗಬೇಕಾದರೆ, ಕೆಲಸಕ್ಕೆ ಸೇರುವ ಮುಂಚಿನ 24 ತಿಂಗಳಲ್ಲಿ 16 ತಿಂಗಳಿಗಿಂತ ಜಾಸ್ತಿ ಕಾಲ ಡಚ್ ಗಡಿಯಿಂದ 150 ಕಿಲೋಮೀಟರ್ ಆಚೆ ವಾಸವಾಗಿರಬೇಕು. ಮ್ಯೂನಿಕ್‌ನವರಿಗೆ ತೊಂದರೆ ಇಲ್ಲ. ಗಡಿಗೆ ಹತ್ತಿರವಿರುವ ಕಲೋನ್, ಡುಸೆಲ್ಡಾರ್ಫ್‌ನವರು ಮಾತ್ರ ಈ ಲೆಕ್ಕ ಬಿಟ್ಟೇ ಸಂಬಳ ಮಾತಾಡಿ.

2. ಊರಿಗೆ ಫೋನ್ ಮಾಡಿ

ನೆದರ್ಲೆಂಡ್ಸ್‌ನ ನಗರಸಭೆಗೆ ಅಪೋಸ್ಟಿಲ್ ಮುದ್ರೆ (ದಾಖಲೆ ಅಸಲಿ ಎಂದು ಹೊರದೇಶಕ್ಕಾಗಿ ನಮ್ಮ ಸರ್ಕಾರ ಹಾಕುವ ಮುದ್ರೆ) ಇರುವ ಜನನ ಪ್ರಮಾಣಪತ್ರ ಬೇಕು. ಮದುವೆಯಾಗಿದ್ದರೆ ವಿವಾಹ ಪ್ರಮಾಣಪತ್ರವೂ ಬೇಕು. ಜರ್ಮನಿಯಲ್ಲಿ ಕೇಳಲಿಲ್ಲವಲ್ಲ ಅಂತ ಸುಮ್ನೆ ಇರಬೇಡಿ. ನಮ್ಮ ಅಪ್ಪ ಅಮ್ಮಂದಿರು ಹಾಳಾಗಬಾರದೆಂದು ಈ ಕಾಗದಗಳನ್ನೆಲ್ಲ ಲ್ಯಾಮಿನೇಟ್ ಮಾಡಿಸಿ ಬೀರುವಿನಲ್ಲಿಟ್ಟಿರುತ್ತಾರೆ. ಲ್ಯಾಮಿನೇಟ್ ಆದ ಕಾಗದದ ಮೇಲೆ ಮುದ್ರೆ ಬೀಳುವುದಿಲ್ಲ. ಹೊಸ ಪ್ರತಿ ತೆಗೆಸಿ, ಅದರಲ್ಲಿ ಇಂಗ್ಲಿಷೂ ಇರಲಿ. ಆಗ ಅನುವಾದದ ಖರ್ಚು ಉಳಿಯುತ್ತದೆ. ಈ ಕೆಲಸಕ್ಕೆ ಊರಿನಲ್ಲಿ ಓಡಾಟವಿದೆ, ಇವತ್ತೇ ಹೇಳಿ.

3. ಮನೆಗೆ ನೋಟಿಸ್ ಕೊಡುವುದು

ಜಾಸ್ತಿ ಜನ ದುಡ್ಡು ಕಳೆದುಕೊಳ್ಳುವುದು ಇಲ್ಲೇ. ಆದ್ದರಿಂದ ನಿಧಾನವಾಗಿ ಓದಿ.

ಬಾಡಿಗೆದಾರರು ಮೂರು ತಿಂಗಳ ನೋಟಿಸ್ ಕೊಡಬೇಕು. ಪತ್ರ ತಿಂಗಳ ಮೂರನೇ ಕೆಲಸದ ದಿನದೊಳಗೆ ಮಾಲೀಕರ ಕೈ ಸೇರಿದರೆ ಮಾತ್ರ ಆ ತಿಂಗಳು ಲೆಕ್ಕಕ್ಕೆ ಬರುತ್ತದೆ. ಮಾರ್ಚ್ ಆರಂಭದಲ್ಲಿ ಸೇರಿದರೆ ಮೇ 31ಕ್ಕೆ ಬಿಡುಗಡೆ. ಎರಡು ದಿನ ತಡವಾದರೂ ಜೂನ್ 30. ಮ್ಯೂನಿಕ್‌ನ ಒಂದು ತಿಂಗಳ ಬಾಡಿಗೆ ಎಷ್ಟೆಂದು ನಿಮಗೇ ಗೊತ್ತು.

ಇಮೇಲ್ ನಡೆಯುವುದಿಲ್ಲ. ವಾಟ್ಸಾಪೂ ನಡೆಯುವುದಿಲ್ಲ. ಕಾಗದದ ಮೇಲೆ ಬರೆದು, ಪೆನ್ನಿನಲ್ಲಿ ಸಹಿ ಮಾಡಬೇಕು. ಕರಾರಿನಲ್ಲಿ ಎಷ್ಟು ಜನರ ಹೆಸರಿದೆಯೋ ಅಷ್ಟೂ ಜನ ಸಹಿ ಹಾಕಬೇಕು. ನನಗೆ ಗೊತ್ತಿರುವ ಒಂದು ಮನೆಯಲ್ಲಿ ಹೆಂಡತಿ ಬಾಣಂತನಕ್ಕೆಂದು ಶಿವಮೊಗ್ಗಕ್ಕೆ ಹೋಗಿದ್ದರು. ಗಂಡ ಒಬ್ಬರೇ ಸಹಿ ಮಾಡಿ ಕೊಟ್ಟರು. ಮಾಲೀಕರು ಒಪ್ಪಲಿಲ್ಲ. ಕೊರಿಯರ್‌ನಲ್ಲಿ ಕಾಗದ ಹೋಗಿ ಬರುವಷ್ಟರಲ್ಲಿ ತಿಂಗಳು ಉರುಳಿ, ಒಂದು ಬಾಡಿಗೆ ಪೂರ್ತಿ ಕೈಬಿಟ್ಟಿತು.

ಅಂಚೆ ಕಳಿಸುವುದರಲ್ಲೂ ಒಂದು ಗುಂಡಿ ಇದೆ. ಸಹಿ ಪಡೆದು ಕೊಡುವ ರಿಜಿಸ್ಟರ್ಡ್ ಅಂಚೆ ಮಾಡಿದರೆ, ಮಾಲೀಕರು ಮನೆಯಲ್ಲಿ ಇಲ್ಲದಿದ್ದಾಗ ಪತ್ರ ಅಂಚೆ ಕಚೇರಿಯಲ್ಲೇ ಕೂರುತ್ತದೆ. ದಿನಾಂಕ ದಾಟಿಹೋಗುತ್ತದೆ. ಒಬ್ಬ ಗೆಳೆಯನಿಗೆ ಪತ್ರ ಓದಿಸಿ, ಅವನ ಎದುರೇ ಲಕೋಟೆ ಅಂಟಿಸಿ, ಇಬ್ಬರೂ ಹೋಗಿ ಮಾಲೀಕರ ಅಂಚೆಪೆಟ್ಟಿಗೆಗೆ ಹಾಕಿ. ಫೋಟೋ ತೆಗೆದುಕೊಳ್ಳಿ. ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಬದಲಿಗೆ ಮೂವರು ಬಾಡಿಗೆದಾರರನ್ನು ತೋರಿಸಿದರೆ ಕೂಡಲೇ ಬಿಡುಗಡೆ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಅಂಥ ಕಾನೂನು ಇಲ್ಲ. ಮಾಲೀಕರು ಮನಸ್ಸು ಮಾಡಿದರೆ ಒಪ್ಪಬಹುದು, ಅಷ್ಟೇ.

4. ಕೀಲಿ ಒಪ್ಪಿಸುವ ದಿನ

ಠೇವಣಿ ಉಳಿಯುವುದು ಬಚ್ಚಲುಮನೆಯಲ್ಲಿ. ಮ್ಯೂನಿಕ್ ನೀರು ಗಡಸು. ಶವರ್ ಗಾಜಿನ ಮೇಲೆ, ನಲ್ಲಿಯ ಬುಡದಲ್ಲಿ ಬಿಳಿ ಸುಣ್ಣ ಕಟ್ಟಿರುತ್ತದೆ. ದುಬಾರಿ ಸ್ಪ್ರೇಗಳನ್ನು ಕೊಳ್ಳಬೇಡಿ, ವಾಸನೆ ಬಿಟ್ಟರೆ ಬೇರೇನಿಲ್ಲ. ಸಿಟ್ರಿಕ್ ಆಸಿಡ್ ಪುಡಿ ತಂದು ತಣ್ಣೀರಿನಲ್ಲೇ ಕಲಸಿ. ಬಿಸಿನೀರಾದರೆ ಇನ್ನೊಂದು ಬಗೆಯ ಬಿಳಿ ಪದರ ಕೂರುತ್ತದೆ. ಅದರಲ್ಲಿ ಬಟ್ಟೆ ಅದ್ದಿ ನಲ್ಲಿಗೆ ಸುತ್ತಿ, ಅರ್ಧ ಗಂಟೆ ಬಿಟ್ಟು ಒರೆಸಿ. ಹುಣಸೆಹಣ್ಣಿನಲ್ಲಿ ತಿಕ್ಕಿದ ಹಿತ್ತಾಳೆಯ ಹಾಗೆ ಹೊಳೆಯುತ್ತದೆ. ಅಮೃತಶಿಲೆಗೆ ಮಾತ್ರ ತಾಗಿಸಬೇಡಿ.

ಕರೆಂಟ್, ನೀರು, ಹೀಟರ್ ಮೀಟರ್‌ಗಳ ಫೋಟೋ ತೆಗೆದು, ಆ ಅಂಕಿಗಳನ್ನು ಹಸ್ತಾಂತರದ ಪತ್ರದಲ್ಲಿ ಬರೆಸಿ. ನಿಮಗೆ ಒಪ್ಪಿಗೆಯಿಲ್ಲದ ಸಾಲಿದ್ದರೆ ಸಹಿ ಹಾಕಬೇಡಿ.

5. ಅಬ್‌ಮೆಲ್ಡುಂಗ್

ಜರ್ಮನಿಯ ನಗರಸಭೆಯ ವಿಳಾಸ ನೋಂದಣಿಯಿಂದ ಹೆಸರು ತೆಗೆಸುವುದಕ್ಕೆ ಅಬ್‌ಮೆಲ್ಡುಂಗ್ ಎನ್ನುತ್ತಾರೆ. ಮನೆ ಬಿಡುವ ಒಂದು ವಾರ ಮುಂಚಿನಿಂದ, ಬಿಟ್ಟ ಎರಡು ವಾರದೊಳಗೆ ಮಾಡಿಸಬೇಕು. ಅದಕ್ಕೂ ಮುಂಚೆ ಹೋದರೆ ವಾಪಸ್ ಕಳಿಸುತ್ತಾರೆ. ಕೊನೆಗೆ ಒಂದು ಹಾಳೆಯ ದೃಢೀಕರಣ ಕೊಡುತ್ತಾರೆ. ಅದನ್ನು ಚಿನ್ನದಂತೆ ಕಾಪಾಡಿ, ಐದಾರು ಕಡೆ ಬೇಕಾಗುತ್ತದೆ.

ಮೊದಲು ಬೇಕಾಗುವುದು ರೇಡಿಯೋ ಟಿವಿ ಶುಲ್ಕ ನಿಲ್ಲಿಸುವುದಕ್ಕೆ. ಮನೆಗೆ ತಿಂಗಳಿಗೆ 18.36 ಯೂರೋ. ಊರು ಬಿಟ್ಟ ಮಾತ್ರಕ್ಕೆ ಅದು ನಿಲ್ಲುವುದಿಲ್ಲ, ಬೇರೆಯಾಗಿ ಬರೆಯಬೇಕು. ಇಂಟರ್ನೆಟ್ ಕಂಪನಿ ಹೊಸ ವಿಳಾಸಕ್ಕೆ ಸೇವೆ ಕೊಡಲಾಗದಿದ್ದರೆ ಒಂದು ತಿಂಗಳ ನೋಟಿಸ್‌ನಲ್ಲಿ ಬಿಡಬಹುದು. ಜಿಮ್‌ಗೆ ಈ ಅನುಕೂಲ ಇಲ್ಲ. ಊರು ಬದಲಿಸುವುದು ಕರಾರು ಮುರಿಯಲು ಕಾರಣವಲ್ಲ ಎಂದು ಜರ್ಮನಿಯ ಫೆಡರಲ್ ನ್ಯಾಯಾಲಯ 2016ರಲ್ಲೇ ಹೇಳಿದೆ. ಅದಕ್ಕೇ ಎರಡು ವರ್ಷದ ಜಿಮ್ ಕರಾರಿಗೆ ಸಹಿ ಹಾಕಲೇಬೇಡಿ.

6. ಹೋದ ಮೇಲೆ

ಐದು ದಿನದೊಳಗೆ ನಗರಸಭೆಯಲ್ಲಿ ನೋಂದಾಯಿಸಿ. ಬಿಎಸ್‌ಎನ್ ಎಂಬ ಗುರುತಿನ ಸಂಖ್ಯೆ ಅಲ್ಲೇ ಸಿಗುತ್ತದೆ. ಇಲ್ಲಿ ನೋಂದಣಿ ಮಾಡುವಂತಿಲ್ಲ ಎನ್ನುವ ಬಾಡಿಗೆ ಮನೆ ಎಷ್ಟೇ ಅಗ್ಗವಾದರೂ ಬೇಡ. ಆರೋಗ್ಯ ವಿಮೆಗೆ ನಾಲ್ಕು ತಿಂಗಳ ಗಡುವಿದೆ. ತಡ ಮಾಡಿ ಉಳಿಸುವುದೇನೂ ಇಲ್ಲ, ಕಂತನ್ನು ಹಿಂದಿನಿಂದಲೇ ಲೆಕ್ಕ ಹಾಕಿ ತೆಗೆದುಕೊಳ್ಳುತ್ತಾರೆ.

ಜರ್ಮನಿಯ ಬ್ಯಾಂಕ್ ಖಾತೆಯನ್ನು ಹೊರಡುವ ವಾರವೇ ಮುಚ್ಚಿಬಿಡಬೇಡಿ. ಠೇವಣಿ ಮೂರು ತಿಂಗಳ ಬಾಡಿಗೆಯಷ್ಟು ದೊಡ್ಡ ಮೊತ್ತ. ಹೀಟಿಂಗ್, ನೀರಿನ ಲೆಕ್ಕ ಆಗಲಿ ಅಂತ ಮಾಲೀಕರು ಹಲವು ತಿಂಗಳು ಇಟ್ಟುಕೊಳ್ಳುತ್ತಾರೆ. ಅದು ಬರುವುದು ಅವರ ಹತ್ತಿರ ನಂಬರ್ ಇರುವ ನಿಮ್ಮ ಹಳೆಯ ಖಾತೆಗೇ ಅಲ್ವಾ?